ಚರ್ಮದ ಬೂಷ್ಟುಗಳ ಬೆಳವಣಿಗೆಯಲ್ಲಿ ಕಾಣುವ ಜೀವರಾಸಾಯನಿಕ ವ್ಯತ್ಯಾಸಗಳು

ಹುಳುಕಡ್ಡಿಯೆಂದು ನಮ್ಮಲ್ಲಿ ಹೆಸರಾಗಿರುವ ಚರ್ಮರೋಗಕ್ಕೂ ಹುಳುವಿಗೂ ಸಂಬಂಧವೇನೂ ಇಲ್ಲ. ಆದರೆ ಈ ತಪ್ಪು ಕನ್ನಡಿಗರದು ಮಾತ್ರವೇ ಅಲ್ಲ. ಇಂಗ್ಲಿಷರು ಇದನ್ನು ಉಂಗುರದ ಹುಳುವೆಂದು ಕರೆದರು. ಯೂರೋಪಿನ ವೈದ್ಯಗ್ರಂಥಗಳಲ್ಲಿ ಇಂದಿಗೂ ನಿಂತಿರುವ ಹೆಸರು 'ಟಿನಿಯ'; ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಬಟ್ಟೆಯನ್ನು ಕೊರೆದು ತಿನ್ನುವ ನುಸಿಹುಳುವೆಂದು ಅರ್ಥ. ನಮ್ಮ ಆಯುರ್ವೇದ ಗ್ರಂಥಕಾರರು 'ದದ್ರು'ವೆಂದು ಹೇಳಿ ಇದನ್ನು ಕುಷ್ಠಗಳ ಸಾಲಿಗೆ ಸೇರಿಸಿದರು. ಚರಕನು ಕ್ಷುದ್ರಕುಷ್ಠಗಳಲ್ಲಿ ಎಣಿಸಿದುದನ್ನು ಸುಶ್ರುತನು ಮಹಾಕುಷ್ಠಗಳಲ್ಲಿ ಎಣಿಸಿರುವನು. 'ಗಜಕರ್ಣ'ವೆಂಬ ಹೆಸರು ಮಾತ್ರ ಕಾರಣದ ಗೋಜಿಗೆ ಹೋಗದೆ ಕಣ್ಣಿಗೆ ಕಂಡುದನ್ನಷ್ಟೇ ಹೇಳಿ ಸುಮ್ಮನಾಗಿದೆ. ಹುಳುವಿನ ಹೆಸರು ಹೀಗೆ ತಪ್ಪಾಗಿದ್ದರೂ, ರಸಾಯನದ ದೃಷ್ಟಿಯಿಂದ ನೋಡಿದರೆ ಲ್ಯಾಟಿನರ ನುಸಿಯ ಮಾತು ಸತ್ಯಕ್ಕೆ ಅಷ್ಟೇನೂ ದೂರವಾದುದಲ್ಲವೆಂಬುದು ಮುಂದೆ ತಿಳಿದುಬರುವುದು.

ಈ ರೋಗವನ್ನು ಉಂಟುಮಾಡುವುದು ಒಂದು ಬಗೆಯ ಬೂಷ್ಟು. ಹಳಸಿದ ರೊಟ್ಟಿಯ ಮೇಲೂ ಮಳೆಗಾಲದಲ್ಲಿ ಪುಸ್ತಕದ ರಟ್ಟಿನ ಮೇಲೂ ಬರುವ ಬೂಷ್ಟುಗಳ ದಾಯಾದಿಯಾದ ಇದು ಮನುಷ್ಯರ ಮತ್ತು ಪ್ರಾಣಿಗಳ ಚರ್ಮ, ಕೂದಲು, ಉಗುರುಗಳನ್ನೇ ತನ್ನ ಆಹಾರವಾಗಿ ಮಾಡಿಕೊಂಡಿರುವುದು. ೧೮೩೯ರಲ್ಲಿ ಶೋನ್‌ಲೈನ್ ಎಂಬ ಜರ್ಮನ್ ವೈದ್ಯನು ತಲೆಯಲ್ಲಿ ಹಳದಿ ಹಕ್ಕಳೆಗಟ್ಟುವ ರೋಗವೊಂದರಲ್ಲಿ ಬೂಷ್ಟಿನ ಎಳೆಗಳಿರುವುದನ್ನು ಪ್ರಕಟಿಸಿದನು. ಅವುಗಳನ್ನು ತಾನೂ ಕಂಡಿದ್ದ ರೆಮಾಕನು ಆ ಹಕ್ಕಳೆಯನ್ನು ತನ್ನ ತೋಳಿಗೇ ಅಂಟಿಸಿಕೊಂಡು, ರೋಗವು ಒಬ್ಬರಿಂದ ಒಬ್ಬರಿಗೆ ಹತ್ತುವುದೆಂದು ತೋರಿಸಿದನು. ಹಂಗೆರಿಯಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ ಗ್ರೂಬಿಯು ೧೮೪೧ರಿಂದ ೧೮೪೪ರ ವರೆಗಿನ ತನ್ನ ಲೇಖನಗಳಲ್ಲಿ ಇಂತಹ ಬೂಷ್ಟುಗಳು ಒಂದಲ್ಲ, ಹಲವುಂಟೆಂದು ನಿರೂಪಿಸಿದನು. ನೆರಡಿ ರೋಗದ ಸೂಕ್ಷ್ಮಜೀವಿಯನ್ನು ಕುರಿತು ಕಾಖನು ಬರೆದುದು ೧೮೭೬ರಲ್ಲಿ. ಎಂದರೆ, ಸೂಕ್ಷ್ಮಜೀವಿಯಿಂದ ಮನುಷ್ಯನಿಗೆ ರೋಗ ಬರುವುದೆಂಬ ಮಾತಿಗೆ ಮೊದಲನೆಯ ಸಾಕ್ಷಿಗಳಲ್ಲಿ ಒಂದು ಈ ತುಚ್ಛವಾದ ಹುಳುಕಡ್ಡಿಯಿಂದಲೇ ದೊರೆಯಿತು; ಇದನ್ನು ವೈದ್ಯಶಾಸ್ತ್ರದ ಚರಿತ್ರಕಾರರು ಸಾಕಷ್ಟು ಎತ್ತಿ ಹೇಳುವುದಿಲ್ಲ.

ಈ ಬೂಷ್ಟುಗಳ ಆಕಾರವನ್ನು ವರ್ಣಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಬೀಜಾಣುವು ಚರ್ಮದ ಮೇಲೆ ಬಿದ್ದ ಗಳಿಗೆಯಿಂದ ಅದು ಎಳೆಗಳಾಗಿ ಹಬ್ಬಿ ಮುಪ್ಪಾಗುವ ವರೆಗೆ ಅದರ ಒಳಗೂ ಹೊರಗೂ ನಡೆಯುವ ರಾಸಾಯನಿಕ ವ್ಯತ್ಯಾಸಗಳೇನು, ಒಂದು ವ್ಯತ್ಯಾಸವು ಇನ್ನೊಂದಕ್ಕೆ ಹೇಗೆ ದಾರಿಮಾಡಿಕೊಡುವುದು ಎಂಬುದನ್ನು ವಿಚಾರಿಸುವುದೇ ಇಲ್ಲಿಯ ಕೆಲಸ. ಹಾಗೆ ವಿಚಾರಿಸಿದಲ್ಲಿ ಒಂದು ಸಂಗತಿಯು ಸ್ಪಷ್ಟವಾಗುವುದು. ಬೂಷ್ಟಿನ ಗುಣಗಳೆಂದು ನಾವು ಪಟ್ಟಿಮಾಡುವ ಬಹುಪಾಲು ಗುಣಗಳು ಬೂಷ್ಟೊಂದರವೇ ಅಲ್ಲ. ಅದರ ಆಹಾರ, ಅದರ ವಯಸ್ಸು, ಅದು ನೆಲೆನಿಂತ ಸ್ಥಳ ಇವು ಕೂಡಿ ಆದವು. ಇದನ್ನು ಮರೆತುದರಿಂದ ಹೆಸರಿಡುವುದರಲ್ಲಿಯೂ ಮದ್ದು ಕೊಡುವುದರಲ್ಲಿಯೂ ಎಷ್ಟೋ ಪ್ರಮಾದಗಳು ಆಗಿವೆ, ಈಗಲೂ ಆಗುತ್ತಿವೆ.

ಮೊದಲು ಆಹಾರದ ವಿಷಯ. ನಮ್ಮ ಚರ್ಮದ ಹೊರಮೈಯು ಸತ್ತ ಜೀವಕೋಶಗಳ ಒಂದು ಹಾಸು. ಕೆಳಗೆ ಹುಟ್ಟಿದ ಕೋಶಗಳು ಮೇಲಕ್ಕೇರುತ್ತ, ತಮ್ಮೊಳಗೆ ಕೆರಾಟಿನ್ ಎಂಬ ದ್ರವ್ಯವನ್ನು ತುಂಬಿಕೊಳ್ಳುತ್ತ, ಕೊನೆಗೆ ಸತ್ತು ಚಪ್ಪಟೆಯಾಗಿ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂಡುವುವು. ಕೂದಲು, ಉಗುರು, ಕೊಂಬು, ಗೊರಸು, ಉಣ್ಣೆ ಎಲ್ಲವೂ ಇದೇ ಜಾತಿಯ ದ್ರವ್ಯದಿಂದ ಆದವು. ಗ್ರೀಕ್ ಭಾಷೆಯಲ್ಲಿ ಕೊಂಬಿಗೆ ಕೆರಸ್ ಎಂದು ಹೆಸರಿರುವುದರಿಂದಲೇ ಇದು ಕೆರಾಟಿನ್ ಆಯಿತು. ಕೆರಾಟಿನು ಸಸಾರಜನಕ ವಸ್ತುಗಳಲ್ಲಿ, ಎಂದರೆ ಪ್ರೋಟೀನುಗಳಲ್ಲಿ, ಒಂದು. ಹಾಲಿನಲ್ಲಿಯೂ ಬೇಳೆಯಲ್ಲಿಯೂ ಇರುವ ಪ್ರೋಟೀನುಗಳಂತೆಯೇ ಇದೂ ಅಮೈನೊ ಆಮ್ಲಗಳ ಸರಪಣಿ. ಆದರೆ ಹಾಲನ್ನೂ ಬೇಳೆಯನ್ನೂ ಜೀರ್ಣಿಸಿಕೊಳ್ಳುವ ನಮ್ಮ ಹೊಟ್ಟೆಯು ಕೂದಲನ್ನು ಜೀರ್ಣಿಸಲಾರದು. ಅನ್ನದಲ್ಲಿ ಬಂದ ಕೂದಲು ಹೇಗೆ ಹೋಯಿತೋ ಹಾಗೆಯೇ ಹೊರಬೀಳುವುದು.

ಇದಕ್ಕೆ ಕಾರಣವು ಗಂಧಕ. ಅಮೈನೊ ಆಮ್ಲಗಳಲ್ಲಿ ಸಿಸ್ಟೀನ್ ಎಂಬುದಕ್ಕೆ ಗಂಧಕದ ಒಂದು ಕೈಯುಂಟು. ಎರಡು ಸರಪಣಿಗಳಲ್ಲಿರುವ ಎರಡು ಸಿಸ್ಟೀನುಗಳು ಈ ಕೈಗಳಿಂದ ಒಂದನ್ನೊಂದು ಹಿಡಿದುಕೊಂಡಾಗ ಅವೆರಡರ ನಡುವೆ ಗಟ್ಟಿಯಾದ ಗಂಧಕಸೇತು ಏರ್ಪಡುವುದು. ಕೆರಾಟಿನಿನಲ್ಲಿ ಇಂತಹ ಸೇತುಗಳು ಅಸಂಖ್ಯವಾಗಿರುವುವು. ಕೂದಲಿನ ತೂಕದಲ್ಲಿ ಶೇಕಡ ೪ರಿಂದ ೫ರಷ್ಟು ಗಂಧಕವಿದೆಯೆಂದರೆ ಅವುಗಳ ದಟ್ಟಣೆಯನ್ನು ಊಹಿಸಬಹುದು. ಕೂದಲು ಸುಟ್ಟಾಗ ಬರುವ ಆ ಕಟುವಾದ ನಾತಕ್ಕೆ ಈ ಗಂಧಕವೂ ಒಂದು ಕಾರಣ. ಚರ್ಮದ ಹೊರಪದರದ ಕೆರಾಟಿನಿನಲ್ಲಿ ಗಂಧಕವು ಕಡಮೆ. ಆದುದರಿಂದ ಅದು ಮೆತು. ಬೂಷ್ಟುಗಳಲ್ಲಿಯೂ ಈ ಭೇದವನ್ನು ಅರಿತು ನಡೆಯುವವು ಉಂಟು: ಎಪಿಡರ್ಮೊಫೈಟನ್ ಎಂಬುದು ಚರ್ಮವನ್ನೂ ಉಗುರನ್ನೂ ಹಿಡಿಯುವುದೇ ಹೊರತು ಕೂದಲಿನ ಒಳಹೊಗುವುದಿಲ್ಲ, ಮೈಕ್ರೊಸ್ಪೋರಮ್ ಎಂಬುದು ಕೂದಲನ್ನೂ ಚರ್ಮವನ್ನೂ ಹಿಡಿದು ಉಗುರಿಗೆ ಹೋಗುವುದು ಅಪೂರ್ವ, ಟ್ರೈಕೊಫೈಟನ್ ಎಂಬುದಕ್ಕೆ ಮೂರೂ ಆಗುವುದು.

ಈ ಸೇತುಗಳು ಇರುವ ತನಕ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿಗೆ ಒಳಗೆ ಪ್ರವೇಶವಿಲ್ಲ. ಕಿಣ್ವವೆಂಬುದು ಹೊಸದಾಗಿ ಕಟ್ಟಿದ ಮಾತಲ್ಲ. ಮದ್ಯವನ್ನು ಹುದುಗುಬರಿಸಲು ಸೇರಿಸುವ ದ್ರವ್ಯಕ್ಕೆ ಸಂಸ್ಕೃತದಲ್ಲಿ ಇದ್ದ ಹೆಸರನ್ನೇ ವಿಜ್ಞಾನಕ್ಕೆ ಎತ್ತಿಕೊಂಡಿರುವುದು, ಮತ್ತು ಇದಕ್ಕಿಂತ ತಕ್ಕ ಮಾತು ಸಿಕ್ಕಲಾರದು. ಮೈಖೇಲಿಸ್ ಮತ್ತು ಗಾಡರ್ಡ್ ಎಂಬ ವಿದ್ವಾಂಸರು ೧೯೩೪ರಲ್ಲಿ ಅಮೆರಿಕೆಯಲ್ಲಿ ಮಾಡಿದ ಪ್ರಯೋಗವು ಈ ವಿಷಯದಲ್ಲಿ ನಿರ್ಣಾಯಕವಾಯಿತು. ಕೆರಾಟಿನನ್ನು ಥಯೊಗ್ಲೈಕೊಲಿಕ್ ಆಮ್ಲದ ಲವಣದಿಂದ ಕ್ಷಾರೀಯ ದ್ರವದಲ್ಲಿ ಉಪಚರಿಸಿ ಗಂಧಕಸೇತುಗಳನ್ನು ಒಡೆದರೆ, ಅದುವರೆಗೆ ಜಗ್ಗದಿದ್ದ ಆ ವಸ್ತುವನ್ನು ಹೊಟ್ಟೆಯ ಸಾಧಾರಣ ಕಿಣ್ವಗಳೇ ಕರಗಿಸಿಬಿಡುವುವು. ಹೆಂಗಸರ ನೇರಗೂದಲನ್ನು ಗುಂಗುರುಮಾಡುವ ಅಂಗಡಿಗಳಲ್ಲಿ ಇಂದಿಗೂ ಬಳಸುವುದು ಈ ಲವಣವನ್ನೇ: ಸೇತುಗಳನ್ನು ಒಡೆದು, ಕೂದಲನ್ನು ಬೇಕಾದಂತೆ ಸುತ್ತಿ, ಪುನಃ ಸೇತು ಕಟ್ಟಿಸುವರು.

ಇದೇ ಸುಮಾರಿಗೆ, ೧೯೩೫ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಲಿಂಡರ್‌ಸ್ಟ್ರೋಮ್-ಲ್ಯಾಂಗ್ ಮತ್ತು ಡುಸ್ಪಿವಾ ಎಂಬುವರು ಉಣ್ಣೆಯನ್ನು ತಿನ್ನುವ ನುಸಿಯ ಮರಿಹುಳುವನ್ನು ಪರೀಕ್ಷಿಸಿದರು. ಅದರ ಕರುಳಿನ ರಸವು ಬಲವಾಗಿ ಕ್ಷಾರೀಯವಾಗಿಯೂ, ಗಂಧಕಸೇತುಗಳನ್ನು ಒಡೆಯಬಲ್ಲುದಾಗಿಯೂ ಇರುವುದೆಂದು ಕಂಡುಬಂದಿತು. ಮೊದಲು ಸೇತು ಮುರಿಯುವುದು, ಆಮೇಲೆ ಸರಪಣಿ ಕತ್ತರಿಸುವುದು—ನುಸಿಯ ಉಪಾಯವು ಇದು. ಬೂಷ್ಟಿನ ಉಪಾಯವೂ ಇದೇ ಎಂದು ಬಹುಕಾಲಾನಂತರ ತಿಳಿಯಿತು. ರೋಮನರು ರೋಗಕ್ಕೆ ನುಸಿಯ ಹೆಸರಿಟ್ಟಾಗ ಇಷ್ಟನ್ನೆಲ್ಲ ಅರಿತಿರಲಿಲ್ಲವೆಂಬುದು ನಿಜ. ಆದರೂ ಹೆಸರು ಒಪ್ಪಿತು.

ಬೂಷ್ಟು ಸೇತುವನ್ನು ಮುರಿಯುವುದು ಯಾವುದರಿಂದ? ಇದಕ್ಕೆಂದೇ ಒಂದು ಕಿಣ್ವವಿರಬೇಕೆಂದು ಅನೇಕರು ನಂಬಿದ್ದರು; ಎಳೆಗಳ ಒತ್ತುಬಲದಿಂದಲೇ ಕೂದಲು ಸೀಳುವುದೆಂದು ಮತ್ತೆ ಕೆಲವರು ವಾದಿಸಿದ್ದರು. ಚೆಕ್ ದೇಶದ ಕೂನೆರ್ಟ್ ಎಂಬ ವಿದ್ವಾಂಸರು ೧೯೭೦ರ ದಶಕದಲ್ಲಿ ಬೇರೊಂದು ಉತ್ತರವನ್ನು ಕೊಟ್ಟರು. ಕೂದಲನ್ನು ತಿನ್ನುತ್ತಿರುವ ಬೂಷ್ಟು ತನ್ನ ಸುತ್ತಲೂ ಸಲ್ಫೈಟನ್ನು ವಿಸರ್ಜಿಸುವುದು. ಸಲ್ಫೈಟು ಗಂಧಕಸೇತುವಿನ ಒಂದು ಕಡೆಗೆ ತಾನೇ ಅಂಟಿಕೊಂಡು ಇನ್ನೊಂದು ಕಡೆಯನ್ನು ಬಿಡಿಸಿಬಿಡುವುದು. ಇದಕ್ಕೆ ಕಿಣ್ವವೇ ಬೇಕಿಲ್ಲ. ಕ್ಷಾರೀಯವಾದ ನೆಲೆಯೊಂದು ಇದ್ದರೆ ಸಾಕು. ಸಲ್ಫೈಟು ನಮಗೆ ಅಪರಿಚಿತವಾದುದೇನಲ್ಲ. ಬಿಳಿಸಕ್ಕರೆಯ ಕಾರ್ಖಾನೆಗಳಲ್ಲಿ ಕಬ್ಬಿನ ರಸವನ್ನು ತಿಳಿಗೊಳಿಸುವುದಕ್ಕೆ ಗಂಧಕದ ಹೊಗೆ ಹಾಯಿಸುವಾಗಲೂ ಇದೇ ಉಂಟಾಗುವುದು.

ಇಲ್ಲಿ ಮೆಚ್ಚತಕ್ಕ ಸಂಗತಿಯೊಂದಿದೆ. ಕೆರಾಟಿನನ್ನು ತಿಂದ ಜೀವಿಗೆ ಸಿಸ್ಟೀನು ಅತಿಯಾಗಿ ದೊರೆಯುವುದು. ಅದು ಅತಿಯಾದರೆ ವಿಷ. ಆದುದರಿಂದ ಬೂಷ್ಟು ಅದನ್ನು ಆಮ್ಲಜನಕದೊಡನೆ ಕೂಡಿಸಿ, ಹಂತಹಂತವಾಗಿ ಸಲ್ಫೈಟನ್ನಾಗಿ ಮಾಡಿ ಹೊರಕ್ಕೆ ನೂಕುವುದು. ಹೊರಕ್ಕೆ ನೂಕಿದ ಆ ಕಸವೇ ಮುಂದಿನ ಕೆರಾಟಿನನ್ನು ಸಡಿಲಿಸುವ ಆಯುಧವಾಗುವುದು. ೨೦೧೩ರಲ್ಲಿ ಜರ್ಮನಿಯ ಸಂಶೋಧಕರು ಮತ್ತು ಅವರ ಸಹಕಾರಿಗಳು ಇದನ್ನು ಅನುಮಾನಕ್ಕೆಡೆಯಿಲ್ಲದಂತೆ ಸ್ಥಾಪಿಸಿದರು. ಸಿಸ್ಟೀನನ್ನು ಆಮ್ಲಜನಕದೊಡನೆ ಕೂಡಿಸುವ ಕಿಣ್ವದ ಜೀನನ್ನಾಗಲಿ, ಸಲ್ಫೈಟನ್ನು ಹೊರದೂಡುವ ಪ್ರೋಟೀನಿನ ಜೀನನ್ನಾಗಲಿ ತೆಗೆದುಹಾಕಿದ ಬೂಷ್ಟು ಕೂದಲಿನ ಮೇಲೂ ಉಗುರಿನ ಮೇಲೂ ಬೆಳೆಯಲಾರದೆ ಹೋಯಿತು. ಊಟಕ್ಕೆಂದೇ ಮಾಡಿಕೊಂಡ ಆಯುಧವೋ, ವಿಷ ಕಳೆದುಕೊಳ್ಳಲು ಹೂಡಿದ ಉಪಾಯವೋ—ಎರಡೂ ಒಂದೇ ಆಗಿಬಿಟ್ಟಿದೆ.

ಆಕ್ಷೇಪವೊಂದು ಏಳಬಹುದು. ಸಲ್ಫೈಟಾಗಲು ಸಿಸ್ಟೀನು ಬೇಕು. ಸಿಸ್ಟೀನು ದೊರೆಯಲು ಕೆರಾಟಿನು ಒಡೆಯಬೇಕು. ಕೆರಾಟಿನು ಒಡೆಯಲು ಸಲ್ಫೈಟು ಬೇಕು. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯವೆಂದು ತಳ್ಳಿಹಾಕುವರು. ಚರ್ಮದ ಸತ್ತ ಪದರದಲ್ಲಿ ಕೆರಾಟಿನೊಂದೇ ಇದ್ದಿದ್ದರೆ ಈ ಆಕ್ಷೇಪವು ನಿಲ್ಲುತ್ತಿದ್ದಿತು. ಆದರೆ ಅಲ್ಲಿ ಬಿಡಿಯಾದ ಅಮೈನೊ ಆಮ್ಲಗಳು, ಯೂರಿಯ, ಲ್ಯಾಕ್ಟಿಕ್ ಆಮ್ಲ, ಜಿಡ್ಡು, ಸೇತುಗಳು ವಿರಳವಾದ ಇತರ ಪ್ರೋಟೀನುಗಳು ಇವೆಲ್ಲ ಇರುವುವು. ಬೀಜಾಣುವಿನ ಮೊದಲ ತುತ್ತು ಇವು. ಆ ತುತ್ತಿನ ಬಲದಿಂದಲೇ ಅದು ಕೆರಾಟಿನಿಗೆ ಕೈಹಾಕುವುದು.

ಇನ್ನು ಆಮ್ಲ-ಕ್ಷಾರಗಳ ವಿಷಯ. ಆರೋಗ್ಯವಾದ ಚರ್ಮದ ಹೊರಮೈಯು ಸ್ವಲ್ಪ ಆಮ್ಲವಾಗಿರುವುದು; ರಸಾಯನಜ್ಞರ ಪಿ.ಎಚ್. ಮಾನದಲ್ಲಿ ೪.೫ರಿಂದ ೬ರ ವರೆಗೆ. ೭ ಎಂಬುದು ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಶುದ್ಧ ನೀರಿನ ಅಂಕ. ಅದರ ಕೆಳಗೆ ಆಮ್ಲ, ಮೇಲೆ ಕ್ಷಾರ. ಷಾಡೆ ಮತ್ತು ಮಾರ್ಕಿಯೊನಿನಿ ಎಂಬುವರು ೧೯೨೮ರಲ್ಲಿ ಚರ್ಮದ ಈ ಗುಣವನ್ನು 'ಆಮ್ಲಕವಚ'ವೆಂದು ಕರೆದರು. ಸಲ್ಫೈಟಿಗೆ ಬೇಕಾದುದು ಕ್ಷಾರ. ಬೂಷ್ಟಿಗೆ ದೊರೆಯುವ ನೆಲೆ ಆಮ್ಲ. ಹೀಗಿರಲು ಬೂಷ್ಟು ತನ್ನ ನೆಲೆಯನ್ನೇ ಮಾರ್ಪಡಿಸುವುದು. ಅಮೈನೊ ಆಮ್ಲಗಳನ್ನು ಇಂಗಾಲಕ್ಕಾಗಿ ಉರಿಸಿಕೊಂಡಾಗ ಅವುಗಳ ಸಾರಜನಕವು ಬೂಷ್ಟಿನ ಅಗತ್ಯಕ್ಕೆ ಮೀರಿ ಉಳಿಯುವುದು. ಆ ಹೆಚ್ಚಳವು ಅಮೋನಿಯವಾಗಿ ಹೊರಬೀಳುವುದು. ಅಮೋನಿಯವು ಕ್ಷಾರ. ದಿನಗಳು ಕಳೆದಂತೆ ಸುತ್ತಲಿನ ಅಂಕವು ೫ರಿಂದ ೭ಕ್ಕೆ, ೭ರಿಂದ ೮ರ ಆಚೆಗೆ ಏರುವುದು. ಗಂಧಕದ ಕಸವು ಆಯುಧವಾದಂತೆ ಇಲ್ಲಿ ಸಾರಜನಕದ ಕಸವು ಆ ಆಯುಧಕ್ಕೆ ಸಾಣೆಯಾಗುವುದು.

ನೆಲೆಯು ಹೀಗೆ ಮಾರ್ಪಟ್ಟಂತೆ ಕಿಣ್ವಗಳೂ ಮಾರ್ಪಡುವುವು. ಆಮ್ಲದ ಕಾಲದಲ್ಲಿ ನಮ್ಮ ಜಠರದ ಪೆಪ್ಸಿನನ್ನು ಹೋಲುವ ಕಿಣ್ವಗಳು ಹೊರಬರುವುವು; ಅವು ಆಮ್ಲದಲ್ಲಿ ಮಾತ್ರ ಚುರುಕು. ಅಂಕವು ೭ನ್ನು ದಾಟಿದ ಮೇಲೆ ಬೇರೊಂದು ತಂಡವು ಬರುವುದು: ಸರಪಣಿಯನ್ನು ನಡುವೆ ತುಂಡರಿಸುವ ಸಬ್ಟಿಲಿಸಿನ್ ಎಂಬ ವರ್ಗ, ಲೋಹದ ಪರಮಾಣುವನ್ನು ಒಡಲಲ್ಲಿ ಹೊತ್ತ ಮತ್ತೊಂದು ವರ್ಗ, ಮತ್ತು ತುಂಡುಗಳ ತುದಿಯಿಂದ ಅಮೈನೊ ಆಮ್ಲಗಳನ್ನು ಒಂದೊಂದಾಗಿಯೋ ಎರಡೆರಡಾಗಿಯೋ ಕಳಚುವ ವರ್ಗಗಳು. ನಡುವೆ ಕತ್ತರಿಸುವವು ತುದಿಗಳನ್ನು ಹೆಚ್ಚಿಸುವುವು. ತುದಿಯಿಂದ ಕಳಚುವವು ಅವುಗಳಲ್ಲಿ ಕೆಲಸಮಾಡುವುವು. ಬೂಷ್ಟಿಗೆ ಸುತ್ತಲಿನ ಅಂಕವನ್ನು ತಿಳಿಸುವ ಒಂದು ಪ್ರೋಟೀನುಂಟು. ಪ್ಯಾಕ್-ಸಿ ಎಂಬುದು ಅದರ ಹೆಸರು. ಬ್ರೆಜಿಲ್ ದೇಶದ ಸಂಶೋಧಕರು ೨೦೦೬ರಲ್ಲಿ ಟ್ರೈಕೊಫೈಟನ್ ರುಬ್ರಮ್ ಎಂಬ ಬೂಷ್ಟಿನಲ್ಲಿ ಇದರ ಜೀನನ್ನು ಕೆಡಿಸಿದಾಗ, ಕೆರಾಟಿನನ್ನು ಒಡೆಯುವ ಶಕ್ತಿಯೂ ಉಗುರಿನ ಮೇಲೆ ಬೆಳೆಯುವ ಶಕ್ತಿಯೂ ಕುಗ್ಗಿದುವು. ಸಕ್ಕರೆಯು ಹೇರಳವಾಗಿ ದೊರೆತಲ್ಲಿ ಈ ಕಿಣ್ವಗಳೆಲ್ಲ ಹಿಂಜರಿಯುವುವೆಂಬುದನ್ನೂ ಇಲ್ಲಿಯೇ ಹೇಳಬೇಕು. ಸುಲಭವಾದ ಊಟವಿರುವಾಗ ಕಷ್ಟದ ಊಟಕ್ಕೆ ಬೂಷ್ಟೂ ಹೋಗುವುದಿಲ್ಲ.

ಆಮ್ಲದಿಂದ ಕ್ಷಾರಕ್ಕೆ ಸಾಗುವ ಈ ನಡೆಯನ್ನೇ ಹಿಡಿದು ರೋಗನಿದಾನಕ್ಕೆ ಒಂದು ಸರಳವಾದ ಪರೀಕ್ಷೆಯನ್ನು ಮಾಡಿರುವರು. ಟ್ಯಾಪ್ಲಿನ್ ಮತ್ತು ಅವರ ಸಂಗಡಿಗರು ೧೯೬೯ರಲ್ಲಿ ಪ್ರಕಟಿಸಿದ ಮಾಧ್ಯಮದಲ್ಲಿ ಸಕ್ಕರೆಯೂ ಪ್ರೋಟೀನೂ ಫೀನಾಲ್ ರೆಡ್ ಎಂಬ ಬಣ್ಣವೂ ಇರುವುವು. ಈ ಬಣ್ಣವು ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ನಮ್ಮ ಅರಿಸಿನಕ್ಕೆ ಸುಣ್ಣ ತಗಲಿದಾಗ ಆಗುವುದೂ ಇಂತಹುದೇ. ಚರ್ಮದ ಬೂಷ್ಟು ಮೊದಲು ಪ್ರೋಟೀನಿಗೆ ಕೈಹಾಕಿ ಅಮೋನಿಯ ಬಿಡುವುದರಿಂದ ಮಾಧ್ಯಮವು ಬೇಗನೆ ಕೆಂಪಾಗುವುದು. ಗಾಳಿಯಿಂದ ಬಂದು ಬೀಳುವ ಇತರ ಬೂಷ್ಟುಗಳು ಮೊದಲು ಸಕ್ಕರೆಯನ್ನು ತಿಂದು, ಅದು ಮುಗಿದ ಮೇಲೆ ಪ್ರೋಟೀನಿಗೆ ಬರುವುವು. ಆಗ ಅವುಗಳಿಂದಲೂ ಕೆಂಪಾಗುವುದು. ಆದುದರಿಂದ ಎರಡು ವಾರಗಳೊಳಗೆ ನೋಡದೆ ತಟ್ಟೆಯನ್ನು ಮರೆತು ಇಟ್ಟವರಿಗೆ ಈ ಪರೀಕ್ಷೆಯು ಸುಳ್ಳು ಹೇಳುವುದು. ಕೆಂಪು ಎಂಬುದಕ್ಕಿಂತ ಎಂದು ಕೆಂಪಾಯಿತೆಂಬುದು ಇಲ್ಲಿ ಮುಖ್ಯ.

ಮಾಧ್ಯಮದ ಮಹಿಮೆಯನ್ನು ಮೊದಲು ಪೂರ್ಣವಾಗಿ ಅರಿತವನು ಪ್ಯಾರಿಸಿನ ಸಬೂರೊ. ವೈದ್ಯನಾಗಿದ್ದಂತೆಯೇ ಶಿಲ್ಪಿಯೂ ಆಗಿದ್ದ ಇವನು ೧೯೧೦ರಲ್ಲಿ ಪ್ರಕಟಿಸಿದ 'ಲೆ ತೇಞ್' ಎಂಬ ಬೃಹದ್ಗ್ರಂಥವು ಈ ಶಾಸ್ತ್ರಕ್ಕೆ ಅಡಿಗಲ್ಲು. ಒಂದೇ ಬೂಷ್ಟು ಬೇರೆ ಬೇರೆ ಸಕ್ಕರೆಗಳ ಮೇಲೆ ಬೇರೆ ಬೇರೆ ರೂಪವನ್ನು ತಾಳುವುದನ್ನು ಕಂಡ ಅವನು, ಯಾರು ತಯಾರಿಸಿದ ಮಾಲ್ಟೋಸ್ ಸಕ್ಕರೆ, ಯಾರು ತಯಾರಿಸಿದ ಪೆಪ್ಟೋನ್ ಎಂಬುದನ್ನೂ ಗೊತ್ತುಮಾಡಿಬಿಟ್ಟನು. ಇದನ್ನು ಹಟವೆಂದು ನಕ್ಕವರುಂಟು. ಆದರೆ ಅವನ ಹಟದಲ್ಲಿ ತಿರುಳಿತ್ತು: ಎಲ್ಲರೂ ಒಂದೇ ನೆಲದಲ್ಲಿ ಬಿತ್ತದಿದ್ದರೆ ಬೆಳೆಗಳನ್ನು ಹೋಲಿಸುವುದೆಂತು? ಹಳೆಯದಾದ ಬೆಳೆಯು ಬೀಜಾಣುಗಳನ್ನು ಕಟ್ಟುವುದನ್ನು ಬಿಟ್ಟು ಬರಿಯ ಬಿಳಿಯ ಹತ್ತಿಯಂತೆ ಹಬ್ಬಿಕೊಂಡು, ತನ್ನ ಜಾತಿಯ ಗುರುತನ್ನೇ ಕಳೆದುಕೊಳ್ಳುವುದನ್ನೂ ಅವನು ವಿವರಿಸಿದನು. ಹೊಸದಾಗಿ ತೆಗೆದ ಬೆಳೆಗೂ ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಸಾಕಿದ ಬೆಳೆಗೂ ಇರುವ ಅಂತರವನ್ನು ನೆನಪಿನಲ್ಲಿಡದೆ ಬರೆದ ಲೇಖನಗಳು ಎಷ್ಟಿವೆಯೋ.

ರೂಪವು ಹೀಗೆ ನೆಚ್ಚತಕ್ಕುದಲ್ಲವಾದ ಕಾರಣ, ೧೯೫೦ರ ದಶಕದಿಂದ ಆಹಾರದ ಅಗತ್ಯಗಳನ್ನೂ ಕಿಣ್ವಗಳನ್ನೂ ಹಿಡಿದು ಜಾತಿಗಳನ್ನು ಬೇರ್ಪಡಿಸುವ ಕ್ರಮವು ಬಲಗೊಂಡಿತು. ಜಾರ್ಜ್ ಮತ್ತು ಕ್ಯಾಂಪ್ ಎಂಬುವರು ೧೯೫೭ರಲ್ಲಿ ತೋರಿಸಿದಂತೆ ಟ್ರೈಕೊಫೈಟನ್ ಟಾನ್ಸುರನ್ಸ್ ಎಂಬುದಕ್ಕೆ ಥಯಮಿನ್ ಬೇಕು. ಅದು ಸಿಕ್ಕಿದರೆ ಸೊಂಪಾಗಿ ಬೆಳೆಯುವುದು. ದನಗಳಿಂದ ಮನುಷ್ಯರಿಗೆ ಬರುವ ವೆರುಕೋಸಮ್ ಎಂಬುದಕ್ಕೆ ಥಯಮಿನೂ ಬೇಕು, ಬಹುಮಟ್ಟಿಗೆ ಇನೊಸಿಟಾಲೂ ಬೇಕು. ಕುದುರೆಯ ಬೂಷ್ಟಿಗೆ ನಿಕೊಟಿನಿಕ್ ಆಮ್ಲ ಬೇಕು. ಮೆಂಟಗ್ರೊಫೈಟಿಸ್ ಎಂಬುದು ಯೂರಿಯವನ್ನು ಬೇಗ ಒಡೆದು ಅಮೋನಿಯ ಮಾಡುವುದು, ಗಾಜಿನ ತಟ್ಟೆಯಲ್ಲಿಟ್ಟ ಕೂದಲನ್ನು ಸೂಜಿಯಿಂದ ಚುಚ್ಚಿದಂತೆ ತೂತುಮಾಡುವುದು. ರುಬ್ರಮ್ ಎಂಬುದು ಸಾಮಾನ್ಯವಾಗಿ ಇವೆರಡನ್ನೂ ಮಾಡುವುದಿಲ್ಲ, ಆದರೆ ತಟ್ಟೆಯ ತಳಕ್ಕೆ ದ್ರಾಕ್ಷಾರಸದಂತಹ ಕೆಂಪು ಬಣ್ಣವನ್ನು ಬಿಡುವುದು. ಆ ಕೆಂಪು ಕೂಡ ಎಲ್ಲ ಮಾಧ್ಯಮಗಳಲ್ಲಿಯೂ ಸಮನಾಗಿ ಬರುವುದಿಲ್ಲ.

ಇದುವರೆಗೆ ಹೇಳಿದುದರಲ್ಲಿ ಬಹುಭಾಗವು ಗಾಜಿನ ತಟ್ಟೆಯಲ್ಲಿ ಕಂಡ ಸಂಗತಿ. ಜೀವಂತನಾದ ಮನುಷ್ಯನ ಚರ್ಮದಲ್ಲಿಯೂ ಹೀಗೆಯೇ ನಡೆಯುವುದೆಂದು ಹೇಳಬಹುದೇ? ಈ ಪ್ರಶ್ನೆಯನ್ನು ಎತ್ತಬೇಕಾಗಿದ್ದಷ್ಟು ಬೇಗ ಎತ್ತಲಿಲ್ಲ. ಎಚ್ಚರಿಕೆಯ ಗಂಟೆಯು ೧೯೨೫ರಲ್ಲೇ ಬಾರಿಸಿತ್ತು. ವುಡ್ ಎಂಬ ಭೌತವಿಜ್ಞಾನಿಯು ರೂಪಿಸಿದ್ದ ಗಾಜಿನ ಮೂಲಕ ಬರುವ ಅತಿನೇರಿಳೆ ಬೆಳಕಿನಲ್ಲಿ ಮಕ್ಕಳ ತಲೆಯನ್ನು ನೋಡಿದಾಗ ಕೆಲವು ಬೂಷ್ಟುಗಳು ಹಿಡಿದ ಕೂದಲುಗಳು ಹಸುರಾಗಿ ಬೆಳಗುವುವೆಂದು ಫ್ರಾನ್ಸಿನ ಮಾರ್ಗರೊ ಮತ್ತು ದೆವೆಜ್ ಕಂಡುಹಿಡಿದರು. ಟೆರಿಡಿನ್ ವರ್ಗದ ವಸ್ತುವೊಂದು ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ವಿಚಿತ್ರವೇನೆಂದರೆ, ಅದೇ ಬೂಷ್ಟನ್ನು ಕತ್ತರಿಸಿ ತಂದ ಕೂದಲಿನ ಮೇಲೆ ತಟ್ಟೆಯಲ್ಲಿ ಬೆಳೆಸಿದರೆ ಹಸುರು ಬೆಳಕು ಕಾಣುವುದಿಲ್ಲ. ತಲೆಯಲ್ಲಿ ಬೆಳೆಯುತ್ತಿರುವ ಕೂದಲೂ ಅದರೊಳಗೆ ಬೆಳೆಯುತ್ತಿರುವ ಬೂಷ್ಟೂ ಕೂಡಿದಾಗ ಮಾತ್ರ ಆ ವಸ್ತುವು ಹುಟ್ಟುವುದು. ಅದನ್ನು ಬೂಷ್ಟಿನ ಗುಣವೆನ್ನೋಣವೇ, ಕೂದಲಿನ ಗುಣವೆನ್ನೋಣವೇ?

ಇದಕ್ಕಿಂತ ಗಂಭೀರವಾದ ಪ್ರಮಾಣವು ೨೦೧೦ರಲ್ಲಿ ಬಂದಿತು. ಗಿನಿಯಿಲಿಗಳ ಚರ್ಮಕ್ಕೆ ಬೂಷ್ಟನ್ನು ಹತ್ತಿಸಿ, ಅದರ ಯಾವ ಯಾವ ಜೀನುಗಳು ಆಗ ಕೆಲಸಮಾಡುವುವೆಂದು ನೋಡಿದರು. ಅದೇ ಬೂಷ್ಟನ್ನು ಕೆರಾಟಿನಿನ ಮೇಲೆ ತಟ್ಟೆಯಲ್ಲಿ ಬೆಳ‌ೆಸಿಯೂ ನೋಡಿದರು. ಎರಡು ಪಟ್ಟಿಗಳೂ ಒಂದಾಗಲಿಲ್ಲ. ಸಬ್ಟಿಲಿಸಿನ್ ವರ್ಗದಲ್ಲಿ ತಟ್ಟೆಯ ಕೆರಾಟಿನಿನ ಮೇಲೆ ಮುಂದಾಳಾಗಿದ್ದುದು ಮೂರನೆಯದು. ಜೀವಂತವಾದ ಚರ್ಮದಲ್ಲಿ ಎದ್ದು ಕಂಡುದು ಆರನೆಯದು. ಈ ಆರನೆಯದನ್ನೇ ರುಬ್ರಮಿನಲ್ಲಿ ಅಲರ್ಜಿಯನ್ನು ಕೆರಳಿಸುವ ಪ್ರಧಾನ ವಸ್ತುಗಳಲ್ಲಿ ಒಂದೆಂದು ಬೇರೆಯವರು ಮೊದಲೇ ಗುರುತಿಸಿದ್ದರು. ಕೂದಲಿನ ಪುಡಿಯನ್ನು ಬಟ್ಟಲಲ್ಲಿಟ್ಟು 'ರೋಗಕಾರಕ ಕಿಣ್ವ'ವನ್ನು ಅಳೆದ ಹಲವು ದಶಕಗಳ ಲೆಕ್ಕಗಳನ್ನು ಇದರಿಂದ ಪೂರ್ತಿ ತಳ್ಳಿಹಾಕಬೇಕಾಗಿಲ್ಲ; ಅವು ಬೂಷ್ಟು ಏನು ಮಾಡಬಲ್ಲುದೆಂಬುದನ್ನು ಹೇಳುವುವು, ಏನು ಮಾಡುತ್ತಿರುವುದೆಂಬುದನ್ನಲ್ಲ.

ಜೀವಂತವಾದ ಚರ್ಮವು ಸುಮ್ಮನಿರುವ ತಟ್ಟೆಯಲ್ಲ. ಬೂಷ್ಟು ಸತ್ತ ಪದರವನ್ನು ದಾಟಿ ಕೆಳಕ್ಕೆ ಇಳಿಯದಂತೆ ತಡೆಗಳಿವೆ. ರಕ್ತದ ದ್ರವದಲ್ಲಿರುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಕಬ್ಬಿಣವನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ಬೂಷ್ಟಿಗೆ ಕಬ್ಬಿಣವು ದೊರೆಯದು. ಕಿಣ್ವಗಳೂ ಅವುಗಳಿಂದ ಒಡೆದ ತುಂಡುಗಳೂ ಕೆಳಕ್ಕೆ ಸೋರಿದಾಗ ದೇಹವು ಎಚ್ಚೆತ್ತು ಉರಿಯೂತವನ್ನುಂಟುಮಾಡಿ, ಮೇಲಿನ ಪದರವನ್ನು ಬೇಗ ಬೇಗ ಉದುರಿಸುವುದು. ಬೂಷ್ಟು ಹೊರ ಅಂಚಿಗೆ ಸರಿಯುತ್ತ ಹೋಗುವುದು, ನಡುವೆ ಮಾಯುತ್ತ ಬರುವುದು. ಹುಳುಕಡ್ಡಿಯ ಉಂಗುರವು ಹೀಗೆ ಆಗುವುದು. ಆ ಉಂಗುರದ ಅಂಚಿನಲ್ಲಿ ಎಳೆಯ ಬೂಷ್ಟು, ಒಳಗೆ ಕಳೆದ ವಾರಗಳ ಚರಿತ್ರೆ. ಪರೀಕ್ಷೆಗೆ ಹೊಟ್ಟನ್ನು ಅಂಚಿನಿಂದಲೇ ಕೆರೆದು ತೆಗೆಯಬೇಕೆಂಬ ವೈದ್ಯರ ನಿಯಮಕ್ಕೆ ಇದೇ ಆಧಾರ. ಬೂಷ್ಟೂ ಸುಮ್ಮನಿರುವುದಿಲ್ಲ, ರುಬ್ರಮಿನ ಕೋಶಭಿತ್ತಿಯಲ್ಲಿರುವ ಮ್ಯಾನನ್ ಎಂಬ ಸಕ್ಕರೆಯ ಸರಪಣಿಯು ದೇಹದ ಈ ಪ್ರತೀಕಾರವನ್ನು ಮಂದಮಾಡುವುದು, ಆದುದರಿಂದಲೇ ಅದು ಉಗುರಿನಲ್ಲಿಯೂ ಅಂಗಾಲಿನಲ್ಲಿಯೂ ವರ್ಷಗಟ್ಟಲೆ ಉಳಿಯುವುದೆಂದು ತಿಳಿದವರ ಅಭಿಪ್ರಾಯ.

ಈ ಪ್ರತೀಕಾರವನ್ನು ಮನುಷ್ಯನು ತಾನಾಗಿ ಅಡಗಿಸುವುದೂ ಉಂಟು. ನವೆಯನ್ನು ಕೂಡಲೆ ಶಮನಗೊಳಿಸುವ ಸ್ಟೀರಾಯ್ಡ್ ಮುಲಾಮುಗಳನ್ನು ಅಂಗಡಿಯಿಂದ ತಂದು ಹಚ್ಚಿದರೆ ಕೆಂಪು ಇಳಿಯುವುದು, ಉಂಗುರವು ಅಳಿಸಿದಂತಾಗುವುದು, ರೋಗಿಯು ಗುಣವಾಯಿತೆಂದು ನಂಬುವನು. ಬೂಷ್ಟು ಮಾತ್ರ ತಡೆಯಿಲ್ಲದೆ ಹಬ್ಬುವುದು. ಐವ್ ಮತ್ತು ಮಾರ್ಕ್ಸ್ ಎಂಬ ಇಂಗ್ಲೆಂಡಿನ ವೈದ್ಯರು ೧೯೬೮ರಲ್ಲಿ ಇದಕ್ಕೆ 'ವೇಷಮರೆಸಿಕೊಂಡ ಟಿನಿಯ' ಎಂಬರ್ಥದ ಹೆಸರನ್ನಿಟ್ಟರು. ಭಾರತದಲ್ಲಿ ಈ ಮುಲಾಮುಗಳ ಹಾವಳಿಯನ್ನು ಬಲ್ಲವರಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮದ್ದುಗಳೂ ಬೂಷ್ಟಿನ ಬೆಳವಣಿಗೆಯ ಯಾವುದಾದರೊಂದು ಹಂತವನ್ನೇ ಹಿಡಿಯುವುವು. ೧೯೩೯ರಲ್ಲಿ ಇನ್ನೊಂದು ಬೂಷ್ಟಿನಿಂದಲೇ ತೆಗೆದ ಗ್ರಿಸಿಯೊಫಲ್ವಿನ್ ಎಂಬುದು, ೧೯೫೮ರಲ್ಲಿ ಜೆಂಟಲ್ಸ್ ಅವರು ಗಿನಿಯಿಲಿಗಳಲ್ಲಿ ತೋರಿಸಿದಂತೆ, ಬಾಯಲ್ಲಿ ಕೊಟ್ಟರೂ ಹೊಸದಾಗಿ ಹುಟ್ಟುವ ಕೆರಾಟಿನಿಗೆ ಸೇರಿಕೊಂಡು ಬೂಷ್ಟಿನ ಕೋಶವಿಭಜನೆಯನ್ನು ತಡೆಯುವುದು. ಆಮೇಲೆ ಬಂದ ಟರ್ಬಿನಫೀನ್ ಎಂಬುದರ ಗುರಿಯು ಬೇರೆ. ಬೂಷ್ಟಿನ ಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಜಿಡ್ಡುವಸ್ತು ಅವಶ್ಯಕ. ಎಳೆಯು ಉದ್ದವಾದಂತೆಲ್ಲ ಅದು ಹೊಸದಾಗಿ ಆಗುತ್ತಿರಬೇಕು. ಅದನ್ನು ಮಾಡುವ ದಾರಿಯಲ್ಲಿ ಸ್ಕ್ವಾಲೀನ್ ಎಂಬುದಕ್ಕೆ ಆಮ್ಲಜನಕವನ್ನು ಕೂಡಿಸುವ ಕಿಣ್ವವೊಂದುಂಟು. ಟರ್ಬಿನಫೀನು ಆ ಕಿಣ್ವದಲ್ಲಿ ಹೊಕ್ಕು ಕೂರುವುದು. ಮುಂದೆ ಎರ್ಗೊಸ್ಟೆರಾಲಿಲ್ಲ, ಹಿಂದೆ ಸ್ಕ್ವಾಲೀನು ಶೇಖರವಾಗಿ ವಿಷವಾಗುವುದು, ಬೂಷ್ಟು ಸಾಯುವುದು.

ಸಾಯುತ್ತಿದ್ದಿತು ಎನ್ನಬೇಕಾಗಿದೆ. ಕೆಲವು ವರ್ಷಗಳಿಂದ ಭಾರತದ ಅನೇಕ ಪ್ರಾಂತಗಳಲ್ಲಿ ಈ ಮದ್ದಿಗೆ ಬಗ್ಗದ ಹುಳುಕಡ್ಡಿಯು ಹರಡಿದೆ. ೨೦೧೮ರಲ್ಲಿ ದಿಲ್ಲಿಯ ಸಂಶೋಧಕರು ಇಂತಹ ಬೂಷ್ಟುಗಳಲ್ಲಿ ಆ ಕಿಣ್ವದ ಜೀನನ್ನು ಓದಿ ನೋಡಿದರು. ಸರಪಣಿಯ ೩೯೭ನೆಯ ಸ್ಥಾನದಲ್ಲಿ ಇರಬೇಕಾದ ಅಮೈನೊ ಆಮ್ಲದ ಬದಲು ಇನ್ನೊಂದು ಇದ್ದಿತು. ಕೆಲವುಗಳಲ್ಲಿ ೩೯೩ನೆಯ ಸ್ಥಾನದಲ್ಲಿ. ಅಷ್ಟು ಚಿಕ್ಕ ವ್ಯತ್ಯಾಸದಿಂದ ಮದ್ದು ಕೂರುವ ಎಡೆ ಕೆಟ್ಟಿತು, ಕಿಣ್ವದ ಕೆಲಸವು ಕೆಡಲಿಲ್ಲ. ೨೦೨೦ರಲ್ಲಿ ಜಪಾನಿನ ವಿದ್ವಾಂಸರು, ಅಲ್ಲಿದ್ದ ಭಾರತ ಮತ್ತು ನೇಪಾಳ ಮೂಲದ ರೋಗಿಗಳಿಂದ ತೆಗೆದ ಇಂತಹ ಬೂಷ್ಟಿಗೆ ಟ್ರೈಕೊಫೈಟನ್ ಇಂಡೊಟಿನಿಯೆ ಎಂಬ ಹೆಸರನ್ನು ಕೊಟ್ಟರು. ಅದು ಈಗ ಯೂರೋಪಿನಲ್ಲಿಯೂ ಅಮೆರಿಕೆಯಲ್ಲಿಯೂ ಕಂಡುಬಂದಿದೆ. ಗಾಜಿನ ತಟ್ಟೆಯಲ್ಲಿ ಬಣ್ಣವನ್ನೂ ಆಕಾರವನ್ನೂ ನೋಡಿ ಇದನ್ನು ಇದರ ಹತ್ತಿರದ ಬಂಧುಗಳಿಂದ ಬೇರ್ಪಡಿಸುವುದು ಸಾಧ್ಯವಿಲ್ಲವೆಂದೇ ಹೇಳಬೇಕು. ಅದಕ್ಕೆ ಜೀನಿನ ಅಕ್ಷರಗಳನ್ನು ಓದಬೇಕು, ಆ ಅನುಕೂಲವು ದೊಡ್ಡ ಪಟ್ಟಣಗಳ ಕೆಲವು ಪ್ರಯೋಗಾಲಯಗಳಲ್ಲಿ ಮಾತ್ರ ಇದೆ. ಉಳಿದೆಡೆಗಳಲ್ಲಿ ವೈದ್ಯರು ಎರ್ಗೊಸ್ಟೆರಾಲಿನ ದಾರಿಯಲ್ಲೇ ಇನ್ನೊಂದು ಮೆಟ್ಟಿಲನ್ನು ತಡೆಯುವ ಇಟ್ರಾಕೊನಜೋಲನ್ನು ಕೊಟ್ಟು, ಕೆಲವು ವಾರಗಳ ಮೇಲೆ ಉಂಗುರದ ಅಂಚನ್ನು ಮತ್ತೆ ಕೆರೆದು ನೋಡುತ್ತಿರುವರು.